ಹೊಳೆ ಆಚೆ ಹಂಪಿ, ಈಚೆ ನಾವು

ಜೇಬಿನಲ್ಲಿ ಐವತ್ತರ ಹೊಸ ನೋಟು ಇದ್ದರೆ ಒಮ್ಮೆ ತಿರುಗಿಸಿ ನೋಡಿ. 2017ರಿಂದ ಅದರ ಹಿಂಬದಿಗೆ ಹಂಪಿಯ ಕಲ್ಲಿನ ರಥ ನಿಂತಿದೆ. ಆ ರಥ ಇರುವ ವಿಠ್ಠಲ ಗುಡಿಯಿಂದ ಸ್ವಲ್ಪ ನಡೆದರೆ ತುಂಗಭದ್ರೆ. ಹೊಳೆ ದಾಟಿದರೆ ನಮ್ಮ ಊರುಗಳು. ಆನೆಗೊಂದಿ, ಸಾಣಾಪುರ, ಹನುಮನಹಳ್ಳಿ, ಚಿಕ್ಕರಾಂಪುರ, ಕಡೇಬಾಗಿಲು. ಬೆಂಗಳೂರಿನಲ್ಲಿ ಯಾರಾದರೂ "ಯಾವೂರು?" ಅಂದರೆ ನಾವು "ಹಂಪಿ ಹತ್ರ" ಅಂತೀವಿ. ಹಾಗೆ ಹೇಳಿದರೆ ಮುಂದೆ ವಿವರಿಸುವ ಕೆಲಸ ಉಳಿಯುತ್ತದೆ. ಆದರೆ ಆ "ಹತ್ರ" ಅನ್ನುವ ಮಾತಿನಲ್ಲೇ ನಮ್ಮ ಕತೆಯೆಲ್ಲ ಇದೆ.

ಪತ್ರಿಕೋದ್ಯಮ ಓದಿ ಊರಿಗೆ ಬಂದ ಮೇಲೆ ನಮ್ಮನ್ನು ಹೆಚ್ಚು ಜನ ಕೇಳಿದ ಪ್ರಶ್ನೆ ಒಂದೇ: "ತಮ್ಮಾ, ಹೊಲ ರೆಸಾರ್ಟಿಗೆ ಕೇಳಾಕತ್ಯಾರ, ಕೊಡೂದ ಬ್ಯಾಡ?" ಕೇಳಿದವರಲ್ಲಿ ನಮ್ಮ ಮನೆಯವರೂ ಇದ್ದಾರೆ. ಅದಕ್ಕೆ ಹೌದು ಅಥವಾ ಇಲ್ಲ ಅನ್ನುವ ಮೊದಲು, ಈ ಭಾಗಕ್ಕೆ ಪ್ರವಾಸಿಗರನ್ನು ಕರೆತಂದವರು ಯಾರು, ಯಾವಾಗ, ಅದರಿಂದ ಯಾರಿಗೆ ಏನಾಯಿತು ಅನ್ನುವುದನ್ನು ಒಂದು ಕಡೆ ಬರೆದಿಡೋಣ ಅನ್ನಿಸಿತು.

ಜಾತ್ರೆಗೆ ಯಾರೂ ಜಾಹೀರಾತು ಕೊಟ್ಟಿರಲಿಲ್ಲ

ಹಂಪಿಗೆ ಜನ ಬರುವುದು ಹೊಸದಲ್ಲ. ಚೈತ್ರದ ವಿರೂಪಾಕ್ಷನ ತೇರಿಗೆ ನಮ್ಮ ಮುತ್ತಜ್ಜಂದಿರು ಬಂಡಿ ಕಟ್ಟಿಕೊಂಡು ಹೋಗುತ್ತಿದ್ದರು. ರೊಟ್ಟಿ ಬುತ್ತಿ, ಶೇಂಗಾ ಹಿಂಡಿ, ಮಕ್ಕಳು, ಎತ್ತುಗಳಿಗೆ ಮೇವು ಎಲ್ಲ ಬಂಡಿಯಲ್ಲೇ. ಹೊಳೆ ದಾಟಲು ಹರಿಗೋಲು. ಇದೇ ಹರಿಗೋಲನ್ನು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ನೋಡಿದ್ದ. ಬುಟ್ಟಿಯಂತೆ ದುಂಡಗಿನ ದೋಣಿ, ಹೊರಗೆ ಚರ್ಮದ ಹೊದಿಕೆ, ಅದರಲ್ಲೇ ಜನ ಆನೆಗೊಂದಿಗೆ ದಾಟುತ್ತಾರೆ ಎಂದು ಬರೆದಿಟ್ಟಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ ಮತ್ತು ಡಾಂಬರು ಬಂದಿದೆ. ಆಕಾರ ಬದಲಾಗಿಲ್ಲ.

ನೋಡಲೆಂದೇ ಬರುವವರು ಶುರುವಾಗಿದ್ದು ಬ್ರಿಟಿಷರ ಕಾಲಕ್ಕೆ. 1800ರ ಸುಮಾರಿಗೆ ಕಾಲಿನ್ ಮೆಕೆಂಜಿ ಹಂಪಿಯ ನಕ್ಷೆ ಮಾಡಿಸಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿ ದೊಡ್ಡ ಕ್ಯಾಮೆರಾ ಹೊತ್ತು ತಂದು ಪಾಳುಬಿದ್ದ ಗುಡಿಗಳ ಫೋಟೊ ತೆಗೆದ. 1900ರಲ್ಲಿ ರಾಬರ್ಟ್ ಸಿವೆಲ್‌ನ ಪುಸ್ತಕ ಬಂತು. ಜಗತ್ತು ಈ ಸಾಮ್ರಾಜ್ಯವನ್ನು ಮರೆತಿದೆ ಅನ್ನುವ ಅರ್ಥದ ಹೆಸರು ಅದಕ್ಕೆ. ಪ್ರತಿ ವರ್ಷ ತೇರು ಎಳೆಯುತ್ತಿದ್ದ ನಮ್ಮ ಜನ ಯಾವಾಗ ಮರೆತಿದ್ದರೋ ಗೊತ್ತಿಲ್ಲ. 1917ರಲ್ಲಿ ಪುರಾತತ್ವ ಇಲಾಖೆಯ ಲಾಂಗ್‌ಹರ್ಸ್ಟ್ ಹಂಪಿಯ ಅವಶೇಷಗಳ ಬಗ್ಗೆ ಚಿತ್ರಸಹಿತ ಪುಸ್ತಕ ಬರೆದ. ಕೈಯಲ್ಲಿ ಹಿಡಿದು ಒಂದೊಂದೇ ಗುಡಿ ನೋಡುತ್ತ ಹೋಗಬಹುದಾದ ಪುಸ್ತಕ ಅದು.

ಇಲ್ಲಿ ಒಂದು ಮಾತು ನೆನಪಿಡಬೇಕು. ಆಗ ಹೊಳೆಯೇ ಗಡಿ. ಹಂಪಿ ಇರುವ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಆನೆಗೊಂದಿ, ಗಂಗಾವತಿ ಹೈದರಾಬಾದಿನ ನಿಜಾಮನ ಸೀಮೆ. ವಿಜಯನಗರ ಹುಟ್ಟುವ ಮೊದಲೇ ಇದ್ದ ಕೋಟೆ ಆನೆಗೊಂದಿ. ಆದರೂ ಮದ್ರಾಸಿನ ಸರ್ಕಾರ ಅಚ್ಚು ಹಾಕಿಸಿದ್ದು ತನ್ನ ದಂಡೆಯ ಕತೆಯನ್ನು. ಒಂದೇ ಊರಿನಂತಿದ್ದ ಎರಡು ದಂಡೆಗಳಲ್ಲಿ ಒಂದು 'ನೋಡುವ ಜಾಗ' ಆಯಿತು, ಇನ್ನೊಂದು ಅದರ ಹಿಂದಿನ ಗುಡ್ಡವಾಗಿ ಉಳಿಯಿತು. ರಾಜ್ಯ ಒಂದಾದ ಮೇಲೂ ಇದು ಪೂರ್ತಿ ಹೋಗಲಿಲ್ಲ. ಆ ದಂಡೆಗೆ ಈಗ ವಿಜಯನಗರ ಜಿಲ್ಲೆ, ಈ ದಂಡೆಗೆ ಕೊಪ್ಪಳ ಜಿಲ್ಲೆ. ಅಲ್ಲಿ ಹಂಪಿ ಉತ್ಸವ, ಇಲ್ಲಿ ಆನೆಗೊಂದಿ ಉತ್ಸವ.

ನಮಗೆ ನೀರು, ಅವರಿಗೆ ಅತಿಥಿಗಳು

1953ರಲ್ಲಿ ತುಂಗಭದ್ರಾ ಡ್ಯಾಂ ಮುಗಿಯಿತು. ಎಡದಂಡೆ ಕಾಲುವೆಯಲ್ಲಿ ನೀರು ಬಂತು. ಗಂಗಾವತಿ ಭತ್ತದ ಕಣಜವಾಯಿತು. ಜೋಳ ಬೆಳೆಯುತ್ತಿದ್ದವರ ಮನೆಯಲ್ಲಿ ದಿನಾ ಅನ್ನ ಬೇಯತೊಡಗಿತು. ಪ್ರವಾಸಿಗರ ಬಗ್ಗೆ ಆಗ ನಮ್ಮ ಹಿರಿಯರು ತಲೆ ಕೆಡಿಸಿಕೊಳ್ಳಲಿಲ್ಲ. "ಅವಾಗ ಗದ್ದಿ ಬಿಟ್ಟು ಯಾರ್ರಿ ಟೂರಿಸ್ಟ್ ಹಿಂದ ಹೋಗ್ತಿದ್ರು?" ಅಂತ ನಮ್ಮೂರ ಅಜ್ಜ ಒಬ್ಬರು ಈಗಲೂ ನಗುತ್ತಾರೆ.

ಆ ಕಡೆ ಹೊಸಪೇಟೆಯಲ್ಲಿ ರೈಲು ಇತ್ತು, ಡ್ಯಾಂ ಇತ್ತು, ಲಾಡ್ಜ್‌ಗಳು ಬಂದವು. 1971ರಲ್ಲಿ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ ಹುಟ್ಟಿತು. ಕಮಲಾಪುರದಲ್ಲಿ ಅದರ ಮಯೂರ ಹೋಟೆಲ್ ಬಂತು. 1986ರಲ್ಲಿ ಯುನೆಸ್ಕೊ ಹಂಪಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದೇ ದಶಕದಲ್ಲಿ ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಿಂದ ಹಂಪಿ ಉತ್ಸವ ಶುರುವಾಯಿತು. 2008ರಲ್ಲಿ ಇದೇ ಕಲ್ಲಿನ ರಥದ ಹೆಸರಿನಲ್ಲಿ 'ಗೋಲ್ಡನ್ ಚಾರಿಯಟ್' ಎಂಬ ಐಷಾರಾಮಿ ರೈಲು ಓಡಿತು. ಆಗ ನಮ್ಮ ಗಂಗಾವತಿಗೆ ಯಾವ ರೈಲೂ ಇರಲಿಲ್ಲ.

ಗಡ್ಡಿಯ ಮೂವತ್ತು ವರ್ಷ

ವಿರೂಪಾಕ್ಷ ಗುಡಿಯ ಎದುರಿಗೆ, ಹೊಳೆಯ ಈ ಕಡೆ ವಿರೂಪಾಪುರಗಡ್ಡಿ. ಸುತ್ತ ಬಂಡೆಗುಡ್ಡ, ನಡುವೆ ಹಸಿರು ಗದ್ದೆ. ಬೆನ್ನಿಗೆ ಚೀಲ ಹಾಕಿಕೊಂಡು ಬಂದ ವಿದೇಶಿಯರಿಗೆ ಇದು ಹಿಡಿಸಿತು. ಇದನ್ನು ಯಾವ ಇಲಾಖೆಯೂ ಪ್ರಚಾರ ಮಾಡಿರಲಿಲ್ಲ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಸುದ್ದಿ ಹೋಯಿತು. ಗೋವಾದಿಂದ ಬಸ್ಸು ಹತ್ತಿದವರು ಇಲ್ಲಿಗೆ ಬಂದು ಇಳಿದರು. 2003ರಲ್ಲಿ ಅಮೆರಿಕದ ಬಂಡೆ ಹತ್ತುಗಾರ ಕ್ರಿಸ್ ಶರ್ಮಾ ಇಲ್ಲಿನ ಬಂಡೆಗಳನ್ನು ಹತ್ತುವ ಸಿನಿಮಾ ಬಂದ ಮೇಲೆ, ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ಬರುವ ಹೊಸ ಜನ ಶುರುವಾದರು. ಕುರಿ ಕಾಯುವಾಗ ನಮ್ಮ ಹುಡುಗರು ಬರಿಗಾಲಲ್ಲಿ ಹತ್ತುತ್ತಿದ್ದ ಬಂಡೆಗಳಿಗೆ ಇಂಗ್ಲಿಷ್ ಹೆಸರು ಬಂದವು.

ಗಡ್ಡಿಯ ಲೆಕ್ಕ ಸರಳ. ಒಂದು ಎಕರೆ ಭತ್ತಕ್ಕೆ ಗೊಬ್ಬರ, ಔಷಧ, ಆಳು ಎಲ್ಲ ಕಳೆದರೆ ಉಳಿಯುವುದು ಅಷ್ಟರಲ್ಲೇ. ಅದೇ ಹೊಲದಲ್ಲಿ ನಾಲ್ಕು ಗುಡಿಸಲು ಹಾಕಿದರೆ ಚಳಿಗಾಲದ ನಾಲ್ಕು ತಿಂಗಳಲ್ಲಿ ಅದಕ್ಕಿಂತ ಹೆಚ್ಚು. ಕೆಲವರು ತಾವೇ ನಡೆಸಿದರು. ಕೆಲವರು ಹೊಲವನ್ನು ಲೀಸಿಗೆ ಕೊಟ್ಟರು. ಹೊಲ ಇಲ್ಲದವರು ಅಡುಗೆ, ಬಟ್ಟೆ ಒಗೆಯುವುದು, ಆಟೊ, ಬಾಡಿಗೆ ಸೈಕಲ್, ದೋಣಿ ಅಂತ ಕೆಲಸ ಹಿಡಿದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗರು ಇಂಗ್ಲಿಷ್ ಜೊತೆ ಹೀಬ್ರೂ ಮಾತನ್ನೂ ಕಲಿತರು. ನಮ್ಮಲ್ಲಿ ಕೆಲವರ ಕಾಲೇಜು ಫೀಜು ಕಟ್ಟಿದ್ದು ಇದೇ ದುಡ್ಡು.

ಗಡ್ಡಿಯ ಬಗ್ಗೆ ಕೆಟ್ಟ ಮಾತುಗಳೂ ಇದ್ದವು. ಗಾಂಜಾ, ರಾತ್ರಿಯಿಡೀ ಹಾಡು, ಗುಡಿಯ ಎದುರಿಗೇ ಕುಡಿತ. ಇವು ಸುಳ್ಳಲ್ಲ. ಹೊಳೆಗೆ ಇಳಿಯುವ ಹೊಲಸು ನೀರಿನ ಬಗ್ಗೆ ಯಾರೂ ಹೆಚ್ಚು ಮಾತಾಡಲಿಲ್ಲ ಅನ್ನುವುದೂ ಸುಳ್ಳಲ್ಲ. 2019ರ ಆಗಸ್ಟ್‌ನಲ್ಲಿ ಡ್ಯಾಂನಿಂದ ನೀರು ಬಿಟ್ಟಾಗ ಗಡ್ಡಿ ದ್ವೀಪವಾಯಿತು. ಸಿಕ್ಕಿಬಿದ್ದ ಪ್ರವಾಸಿಗರನ್ನು ದೋಣಿ, ಹೆಲಿಕಾಪ್ಟರಿನಲ್ಲಿ ಹೊರತರಬೇಕಾಯಿತು. ಅದೇ ವರ್ಷದ ಆರಂಭದಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ನೋಡಲೇಬೇಕಾದ 52 ಜಾಗಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ಕೊಟ್ಟಿತ್ತು.

ಸೇತುವೆ

ಪ್ರವಾಸಿಗನಿಗೆ ಹರಿಗೋಲು ಎಂದರೆ ಮಜಾ. ನಮಗೆ ಅದು ದಾರಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಹರಿಗೋಲು ಬಂದ್. ಆ ದಂಡೆ ಕಣ್ಣಿಗೆ ಕಾಣುತ್ತದೆ, ಅಲ್ಲಿಗೆ ಮುಟ್ಟಲು ಹತ್ತಾರು ಕಿಲೋಮೀಟರ್ ಸುತ್ತು. ಹೆರಿಗೆ ನೋವು ಬಂದ ಹೆಣ್ಣುಮಕ್ಕಳ ಕತೆ, ಹಾವು ಕಚ್ಚಿದವರ ಕತೆ ಪ್ರತಿ ಊರಲ್ಲೂ ಇವೆ.

ಅದಕ್ಕೇ ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಸೇತುವೆ ಕೆಲಸ ಶುರುವಾದಾಗ ನಮ್ಮ ಜನ ಖುಷಿಪಟ್ಟಿದ್ದರು. ಗಡ್ಡಿಗೂ ಒಂದು ಕಾಲುಸೇತುವೆ ಏಳುತ್ತಿತ್ತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು 'ಅಪಾಯದಲ್ಲಿರುವ ಪರಂಪರೆ' ಪಟ್ಟಿಗೆ ಹಾಕಿತು. ಮುಖ್ಯ ಕಾರಣವೇ ಈ ಎರಡು ಸೇತುವೆಗಳು. ಕೆಲಸ ನಿಂತಿತು. ಪ್ರಾಚೀನ ದಾರಿ, ಮಂಟಪಗಳ ನಡುವೆ ಲಾರಿ ಓಡಿದರೆ ಹಾಳಾಗುತ್ತದೆ ಅನ್ನುವ ಮಾತಿನಲ್ಲಿ ಹುರುಳಿತ್ತು. ಹೊಳೆ ದಾಟಲು ಬೇರೆ ದಾರಿ ಎಲ್ಲಿ ಅನ್ನುವ ನಮ್ಮ ಮಾತಿನಲ್ಲೂ ಅಷ್ಟೇ ಹುರುಳಿತ್ತು. ಗುಡಿ ಬೇಕೋ, ಸೇತುವೆ ಬೇಕೋ ಎಂದು ಕೇಳುವ ಬದಲು, ಗುಡಿಗೆ ಧಕ್ಕೆಯಾಗದ ಹಾಗೆ ಸೇತುವೆ ಎಲ್ಲಿ ಕಟ್ಟೋಣ ಎಂದು ಮೊದಲೇ ಎರಡೂ ದಂಡೆಯವರನ್ನು ಕೂರಿಸಿ ಕೇಳಿದ್ದರೆ ಹತ್ತು ವರ್ಷ ಉಳಿಯುತ್ತಿತ್ತು.

2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. ಷರತ್ತುಗಳ ಮೇಲೆ ಸೇತುವೆ ಕೆಲಸ ಮುಂದುವರಿಯಿತು. 2009ರ ಜನವರಿಯಲ್ಲಿ, ಇನ್ನೇನು ಮುಗಿಯಿತು ಅನ್ನುವಾಗ ಅದು ಹೊಳೆಗೆ ಕುಸಿಯಿತು. ಕೆಲಸಗಾರರು ಸತ್ತರು. ಈಗ ಹೊಳೆಯ ಕೆಳಕ್ಕೆ ಕಡೇಬಾಗಿಲು ಮತ್ತು ಬುಕ್ಕಸಾಗರದ ನಡುವೆ ಸೇತುವೆ ಇದೆ. ಗುಡಿಗಳಿಂದ ದೂರ, ಊರುಗಳಿಗೆ ಹತ್ತಿರ. ಅಂಥ ಜಾಗ ಮೊದಲಿನಿಂದಲೂ ಅಲ್ಲಿಯೇ ಇತ್ತು.

'ಅಕ್ರಮ' ಅನ್ನುವ ಪದ

2002ರಲ್ಲಿ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ ಕಾನೂನು ಬಂತು. ಎರಡೂ ದಂಡೆ ಸೇರಿ 29 ಹಳ್ಳಿಗಳು, ಸುಮಾರು 236 ಚದರ ಕಿಲೋಮೀಟರ್ ಅದರ ವ್ಯಾಪ್ತಿಗೆ ಬಂದವು. ಮನೆಯ ಮೇಲೆ ಒಂದು ಮಹಡಿ ಏರಿಸಲೂ ಅನುಮತಿ ಬೇಕಾಯಿತು. ನಮ್ಮ ಊರುಗಳಲ್ಲಿ 'ಪ್ರಾಧಿಕಾರ' ಅನ್ನುವ ಪದ ಎಲ್ಲರ ಬಾಯಲ್ಲಿ ಕೂತಿದ್ದು ಆಗಲೇ.

2011ರ ಜುಲೈನಲ್ಲಿ ಹಂಪಿ ಬಜಾರಿನ ಮಂಟಪಗಳಲ್ಲಿ ವಾಸವಿದ್ದ, ಅಂಗಡಿ ಹಾಕಿದ್ದ ಮುನ್ನೂರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಲಾಯಿತು. ಜೆಸಿಬಿ ಬಂತು. ಅವರಿಗೆ ಜಾಗ ಕೊಟ್ಟಿದ್ದು ಕಡ್ಡಿರಾಂಪುರದಲ್ಲಿ, ಗುಡಿಯಿಂದ ದೂರ. ಹೂವು, ಕಾಯಿ, ಚಹಾ ಮಾರುವವನಿಗೆ ಗುಡಿ ಬಿಟ್ಟು ದೂರ ಜಾಗ ಸಿಕ್ಕರೆ ತಲೆಯ ಮೇಲೆ ಸೂರು ಸಿಗುತ್ತದೆ, ವ್ಯಾಪಾರ ಸಿಗುವುದಿಲ್ಲ.

ಗಡ್ಡಿಯ ಕತೆ 2020ರಲ್ಲಿ ಮುಗಿಯಿತು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಕಟ್ಟಡಗಳು ಅಕ್ರಮ ಎಂಬ ತೀರ್ಪನ್ನು ಎತ್ತಿಹಿಡಿಯಿತು. ಮಾರ್ಚ್‌ನಲ್ಲಿ ಎಲ್ಲ ನೆಲಸಮ. ಆ ಜಾಗವನ್ನು ಸಂರಕ್ಷಿತ ಎಂದು ಸಾರಿದ ಅಧಿಸೂಚನೆ 1988ರದ್ದು. ಅಂದರೆ ಅಧಿಸೂಚನೆಗೂ ಜೆಸಿಬಿಗೂ ನಡುವೆ 32 ವರ್ಷ. ಈ 32 ವರ್ಷ ಕರೆಂಟ್ ಬಿಲ್ ಬಂತು. ದೋಣಿ ಓಡಿತು. ಪೊಲೀಸರು ಬಂದು ಹೋದರು. ಅಲ್ಲಿ ಕೆಲಸಕ್ಕಿದ್ದ ಯಕ್ಕ ಒಬ್ಬರು ನಮಗೆ ಹೇಳಿದ್ದು: "ಹೊಲ ನಮ್ಮದಾ ಅಂತಾರ, ಅದರಾಗ ಗುಡಸಲ ಹಾಕಿದ್ರ ಅಕ್ರಮ ಅಂತಾರ. ಇದನ್ನ ಮೊದಲ ಯಾಕ ಹೇಳ್ಲಿಲ್ರಿ?"

ಕೋರ್ಟಿನ ತೀರ್ಪನ್ನು ನಾವು ಪ್ರಶ್ನಿಸುತ್ತಿಲ್ಲ. ಕಾನೂನು ಕಾಗದದಲ್ಲಿ ಇತ್ತು. ಆದರೆ ಆ ಕಾಗದ ಪಂಚಾಯಿತಿಯ ಗೋಡೆಗೆ ಬರಲಿಲ್ಲ, ಡಂಗುರವಾಗಲಿಲ್ಲ. ಬಂದಿದ್ದರೆ ಸಾಲ ಮಾಡಿ ಕಟ್ಟಿದವರು ಎಷ್ಟೋ ಜನ ಕಟ್ಟುತ್ತಿರಲಿಲ್ಲ. ಗಡ್ಡಿ ಹೋದ ಕೆಲವೇ ವಾರಕ್ಕೆ ಕೊರೊನಾ ಲಾಕ್‌ಡೌನ್ ಬಂತು. ಹುಡುಗರು ಮತ್ತೆ ನಾಟಿ ಗದ್ದೆಗೆ ಇಳಿದರು. ಗದ್ದೆ ಉಳಿದಿದ್ದವರು ಮಾತ್ರ.

ಬಾಳೆನಾರಿನ ಚೀಲ

ಇದೇ ದಂಡೆಯಲ್ಲಿ ಇನ್ನೊಂದು ದಾರಿಯೂ ಇತ್ತು. 1990ರ ದಶಕದ ಕೊನೆಗೆ ಆನೆಗೊಂದಿಯಲ್ಲಿ ಕಿಷ್ಕಿಂದಾ ಟ್ರಸ್ಟ್ ಕೆಲಸ ಶುರುಮಾಡಿತು. ಆನೆಗೊಂದಿ ಸುತ್ತ ಬಾಳೆ ತೋಟ ಬಹಳ. ಗೊನೆ ಕಡಿದ ಮೇಲೆ ದಿಂಡು ಕೊಳೆತು ಹೋಗುತ್ತಿತ್ತು. ಅದರ ಪಟ್ಟೆ ಒಣಗಿಸಿ, ಸೀಳಿ, ಹುರಿ ಹೊಸೆದು ಚೀಲ, ಚಾಪೆ, ಬುಟ್ಟಿ ಮಾಡುವುದನ್ನು ಊರ ಹೆಣ್ಣುಮಕ್ಕಳು ಕಲಿತರು. ಹಳೆಯ ಮಣ್ಣಿನ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಅತಿಥಿಗಳಿಗೆ ಕೊಡುವುದು ಶುರುವಾಯಿತು.

ಇದರಿಂದ ಯಾರೂ ದೊಡ್ಡ ಸಾಹುಕಾರರಾಗಲಿಲ್ಲ. ಆದರೆ ಗಡ್ಡಿ ಬಂದ್ ಆದಾಗಲೂ, ಲಾಕ್‌ಡೌನ್‌ನಲ್ಲೂ, ಹುರಿ ಹೊಸೆಯುವ ಕೈಯ ವಿದ್ಯೆಯನ್ನು ಯಾವ ಜೆಸಿಬಿಯೂ ಕೆಡವಲಿಲ್ಲ. ಪ್ರವಾಸಿ ಬಂದರೆ ಚೀಲ ಇಲ್ಲೇ ಮಾರಬಹುದು, ಬರದಿದ್ದರೆ ಊರಾಚೆ ಕಳಿಸಬಹುದು. ಪ್ರವಾಸಿ ಬಂದರೆ ಮಾತ್ರ ಒಲೆ ಹತ್ತುವ ಬದುಕಿಗೂ, ಬಂದರೆ ಹೆಚ್ಚುಗಾರಿಕೆ ಅನ್ನುವ ಬದುಕಿಗೂ ಬಹಳ ವ್ಯತ್ಯಾಸ.

ಈಗ ಬೆಟ್ಟದ ಸರದಿ

ಈಗ ಪ್ರಚಾರ ಅಂಜನಾದ್ರಿಯ ಕಡೆ ತಿರುಗಿದೆ. ಹನುಮ ಹುಟ್ಟಿದ್ದು ಇಲ್ಲೇ ಎಂದು ನಮ್ಮ ಹಿರಿಯರು ನಂಬಿಕೊಂಡು ಬಂದವರು. 2021ರಲ್ಲಿ ತಿರುಮಲದವರು ತಮ್ಮ ಬೆಟ್ಟವೇ ಅಂಜನಾದ್ರಿ ಅಂದಾಗ ಟಿವಿಯಲ್ಲಿ ದೊಡ್ಡ ವಾದವಾಯಿತು. ಆ ವಾದದಿಂದ ನಮ್ಮ ಬೆಟ್ಟಕ್ಕೆ ಇನ್ನಷ್ಟು ಹೆಸರು ಬಂತು. 2022ರ ರಾಜ್ಯ ಬಜೆಟ್‌ನಲ್ಲಿ ಬೆಟ್ಟದ ಅಭಿವೃದ್ಧಿಗೆ 100 ಕೋಟಿ ರೂಪಾಯಿ ಘೋಷಣೆಯಾಯಿತು. ಹನುಮಮಾಲೆ ವಿಸರ್ಜನೆಯ ದಿನ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ಈ ಜನ ಗಡ್ಡಿಯ ಜನರಂತಲ್ಲ. ಬೆಳಿಗ್ಗೆ ಬಂದು, ಮೆಟ್ಟಿಲು ಹತ್ತಿ, ಸಂಜೆಗೆ ಊರು ಬಿಡುವವರು. ಅವರಿಂದ ಎಳನೀರು, ಕಾಯಿ, ಮಿರ್ಚಿ ಮಂಡಕ್ಕಿ ಮಾರುವವರಿಗೆ ನಾಲ್ಕು ಕಾಸು. ಊರಿಗೆ ಉಳಿಯುವುದು ಬಾಟಲಿ, ಪತ್ರಾವಳಿ, ಟ್ರಾಫಿಕ್. ಉಳಿಯಲು ಬರುವವರು ಸಾಣಾಪುರದ ಕೆರೆಯ ಕಡೆ ಹೋಗುತ್ತಾರೆ. ಗದ್ದೆಗಳ ನಡುವೆ ಹೊಸ ಹೋಂಸ್ಟೇಗಳು, ರೆಸಾರ್ಟ್‌ಗಳು ಎದ್ದಿವೆ. ಹರಿಗೋಲು ಅಲ್ಲಿ ದಾರಿಯಲ್ಲ, ಗಿರಗಿರ ತಿರುಗಿಸುವ ಆಟ.

2025ರ ಮಾರ್ಚ್‌ನಲ್ಲಿ ಸಾಣಾಪುರದ ಕಾಲುವೆಯ ಬಳಿ ರಾತ್ರಿ ಪ್ರವಾಸಿಗರ ಮೇಲೆ ದಾಳಿ ನಡೆಯಿತು. ಇಬ್ಬರು ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ, ಕಾಲುವೆಗೆ ತಳ್ಳಲ್ಪಟ್ಟ ಒಬ್ಬ ಹುಡುಗನ ಸಾವು. ಆ ಇಬ್ಬರಲ್ಲಿ ಒಬ್ಬರು ಅತಿಥಿಗಳನ್ನು ನೋಡಿಕೊಳ್ಳುತ್ತಿದ್ದ ಹೋಂಸ್ಟೇಯವರೇ. ನಮ್ಮ ಊರುಗಳಲ್ಲಿ ಹಲವು ದಿನ ಯಾರೂ ಜೋರಾಗಿ ಮಾತಾಡಲಿಲ್ಲ. ಅದಾದ ಮೇಲೆ ಬುಕಿಂಗ್ ರದ್ದಾದ ಬಗ್ಗೆ ಬಹಳ ಚರ್ಚೆಯಾಯಿತು. ಅದಕ್ಕಿಂತ ಮೊದಲು ಆಗಬೇಕಿದ್ದ ಚರ್ಚೆ ಬೇರೆ: ರಾತ್ರಿ ಕಾಲುವೆ ದಂಡೆಗೆ ದೀಪ ಇದೆಯೇ, ಗಸ್ತು ಇದೆಯೇ, ಹೋಂಸ್ಟೇಯಲ್ಲಿ ದುಡಿಯುವ ನಮ್ಮ ಅಕ್ಕತಂಗಿಯರು ರಾತ್ರಿ ಮನೆಗೆ ಹೇಗೆ ಹೋಗುತ್ತಾರೆ?

ಹೊಲ ಕೊಡುವ ಮುಂಚೆ

ಹಾಗಾದರೆ ಕೊಡಬೇಕೋ ಬೇಡವೋ? ಇಷ್ಟು ವರ್ಷಗಳ ಕತೆಯಿಂದ ನಮಗೆ ತಿಳಿದಿದ್ದು ಇಷ್ಟು.

ಮೊದಲು ಸರ್ವೆ ನಂಬರ್ ಹಿಡಿದು ಪ್ರಾಧಿಕಾರದಲ್ಲಿ ಕೇಳಿ, ನಿಮ್ಮ ಹೊಲ ಯಾವ ವಲಯದಲ್ಲಿದೆ, ಅಲ್ಲಿ ಏನು ಕಟ್ಟಬಹುದು ಅಂತ. ಉತ್ತರವನ್ನು ಬಾಯಿಮಾತಲ್ಲಿ ಬೇಡ, ಬರಹದಲ್ಲಿ ತಗೊಳ್ಳಿ. ಕೊಡದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಬರೆಯಲು ನಾವು ನೆರವಾಗುತ್ತೇವೆ. "ಎನ್‌ಎ ಎಲ್ಲಾ ನಾವ ಮಾಡಿಸ್ತೀವಿ" ಅನ್ನುವವರ ಮಾತಿಗೆ ಸಹಿ ಹಾಕಬೇಡಿ. ನಾಳೆ ನೋಟಿಸು ಬರುವುದು ಪಹಣಿಯಲ್ಲಿ ಹೆಸರಿದ್ದವರಿಗೆ.

ಪೂರ್ತಿ ಹೊಲ ಕೊಡಬೇಡಿ. ಗಡ್ಡಿ ಮುಚ್ಚಿದಾಗ ಬದುಕಿದವರು ಅರ್ಧ ಗದ್ದೆ ಉಳಿಸಿಕೊಂಡವರು. ಅಲ್ಲದೆ ಪ್ರವಾಸಿ ನೋಡಲು ಬರುವುದೇ ಆ ಹಸಿರನ್ನು. ಎಲ್ಲರೂ ಗದ್ದೆ ಮುಚ್ಚಿ ರೂಮು ಕಟ್ಟಿದರೆ ಕಿಟಕಿಯಿಂದ ಕಾಣುವುದು ಪಕ್ಕದ ರೂಮಿನ ಗೋಡೆ.

ಹೋಂಸ್ಟೇ ಎಂದರೆ ಮನೆಯವರು ವಾಸವಿರುವ ಮನೆ. ನಿಮ್ಮ ಮನೆಯ ಎರಡು ಕೋಣೆ ಚೊಕ್ಕ ಮಾಡಿ, ಜೋಳದ ರೊಟ್ಟಿ, ಎಣಗಾಯಿ ಬಡಿಸಿ ನಡೆಸಿದರೆ ಲಾಭ ಕಡಿಮೆ, ಆದರೆ ಪೂರ್ತಿ ನಿಮ್ಮದು.

ಇನ್ನೊಂದು ಮಾತು ಹಿರೇಬೆಣಕಲ್ಲಿನವರಿಗೆ. ನಿಮ್ಮ ಮೊರೇರ ಬೆಟ್ಟದ ಮೇಲೆ ಇರುವ ನಾಲ್ಕುನೂರಕ್ಕೂ ಹೆಚ್ಚು ಕಲ್ಲುಮನೆ, ಸಮಾಧಿಗಳು ವಿಜಯನಗರಕ್ಕಿಂತ ಸಾವಿರಾರು ವರ್ಷ ಹಳೆಯವು. ಬಡಿದರೆ ಸದ್ದು ಮಾಡುವ ಕಲ್ಲಿನ ನಗಾರಿಯೂ ಅಲ್ಲಿದೆ. 2021ರಲ್ಲಿ ಅದು ಯುನೆಸ್ಕೊದ ಸಂಭಾವ್ಯ ಪಟ್ಟಿಗೆ ಸೇರಿದೆ. ಪ್ರಚಾರ ಇಂದಲ್ಲ ನಾಳೆ ನಿಮ್ಮ ಊರಿಗೂ ಬರುತ್ತದೆ. ನಮಗೆ ಸಿಗದ ಒಂದು ಅವಕಾಶ ನಿಮಗಿದೆ. ಜನ ಬರುವ ಮೊದಲೇ ನೀವು ಕೂತು ಮಾತಾಡಬಹುದು. ಬೆಟ್ಟಕ್ಕೆ ದಾರಿ ಎಲ್ಲಿಂದ, ವಾಹನ ಎಲ್ಲಿ ನಿಲ್ಲಬೇಕು, ಗೈಡ್ ಕೆಲಸ ಯಾವ ಊರಿನ ಹುಡುಗ ಹುಡುಗಿಯರಿಗೆ, ಕಸ ಯಾರು ಎತ್ತಬೇಕು, ಕುರಿ ಮೇಯಿಸುವವರ ಹಕ್ಕು ಏನಾಗಬೇಕು. ಮುಂದಿನ ಗ್ರಾಮಸಭೆಯಲ್ಲಿ ಈ ಐದು ವಿಷಯ ಎತ್ತಿ, ಠರಾವು ಬರೆಸಿ, ಅದರ ಪ್ರತಿ ಇಟ್ಟುಕೊಳ್ಳಿ. ಕರೆದರೆ ನಾವೂ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತೇವೆ.